ರಂಗಯ್ಯನವರ ಬೆನ್ನು, ಮೊಲದ ಸೀರಮ್ಮು

ಹೋದ ತಿಂಗಳು ತುಮಕೂರಿನಲ್ಲಿ ತಂಗಿಯ ಮನೆಗೆ ಬಣ್ಣ ಹೊಡೆಸುತ್ತಿದ್ದರು. ಬಾಗಿಲು ದಾಟಿದ್ದೇ ತಡ, ಥಿನ್ನರಿನ ವಾಸನೆ ಮೂಗಿಗೆ ಹೊಡೆಯಿತು. ಎಲ್ಲರೂ ಸೆರಗನ್ನೋ ಕರ್ಚೀಫನ್ನೋ ಮೂಗಿಗೆ ಒತ್ತಿಕೊಂಡರೆ ನಾನು ಮಾತ್ರ ನಿಂತಲ್ಲೇ ಉಸಿರೆಳೆದುಕೊಂಡೆ. "ಏನಕ್ಕಾ ಇದು, ಅಗರಬತ್ತಿ ಹೊಗೆ ಎಳ್ಕೊಂಡಂಗೆ ಎಳ್ಕೋತಾ ಇದೀಯ?" ಅಂತ ತಂಗಿ ನಕ್ಕಳು. ಅವಳಿಗೇನು ಗೊತ್ತು. ನಮ್ಮ ಲ್ಯಾಬಿನ ಸೈಲೀನ್ ಡಬ್ಬದ ಮುಚ್ಚಳ ತೆಗೆದರೆ ಬರುತ್ತಿದ್ದದ್ದು ಹೆಚ್ಚುಕಮ್ಮಿ ಇದೇ ವಾಸನೆ. ರೋಗಿಯ ಮೈಯಿಂದ ತೆಗೆದ ಚೂರನ್ನು ಮೇಣದಲ್ಲಿ ಕೂರಿಸುವ ಮೊದಲು ಅದರಲ್ಲಿ ಅದ್ದಬೇಕಿತ್ತು. ಪೆಥಾಲಜಿ ಡಾಕ್ಟರಾಗಿ ನನ್ನ ಇಡೀ ಆಯುಷ್ಯ ಆ ವಾಸನೆಯಲ್ಲೇ ಕಳೆದಿದೆ. ಆದರೂ ಅದು ಮೂಗಿಗೆ ಬಿದ್ದರೆ ನೆನಪಾಗುವುದು ಒಂದೇ ಒಂದು ವರ್ಷ, ಎಂಬತ್ತೈದರ ಮಳೆಗಾಲದಿಂದ ಎಂಬತ್ತಾರರ ಮಳೆಗಾಲದವರೆಗಿನದ್ದು. ನೆನಪಿಗಿಂತ ಮೊದಲು ಸಿಟ್ಟು ಬರುತ್ತದೆ. ಇಷ್ಟು ವರ್ಷವಾದರೂ ಆ ಸಿಟ್ಟು ಇಳಿದಿಲ್ಲ.

ಆಗ ನಾನು ಕುಣಿಗಲ್ಲಿನ ಮನೆಯಿಂದ ದಿನಾ ಬಸ್ಸಿನಲ್ಲಿ ತುಮಕೂರಿಗೆ ಓಡಾಡುತ್ತಿದ್ದೆ. ಅಪ್ಪ ತೀರಿಹೋಗಿದ್ದರು, ಅಮ್ಮ ಆ ಕೆರೆ, ಆ ಊರು ಬಿಟ್ಟು ಬರಲ್ಲ ಅಂದಿದ್ದರು. ಬೆಳಿಗ್ಗೆಯ ಬಸ್ಸಿನಲ್ಲಿ ಹಾಲಿನ ಕ್ಯಾನು, ಸೊಪ್ಪಿನ ಮೂಟೆ, ಕೋರ್ಟಿಗೆ ಹೋಗುವವರ ಫೈಲು, ಇವುಗಳ ನಡುವೆ ಒಂಟಿ ಕಾಲಲ್ಲಿ ನಿಂತು ಹೋಗಬೇಕು. ಕೆಲಸ ಒಂದು ಖಾಸಗಿ ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ. ಲ್ಯಾಬು ಅಂದರೆ ಹಿಂಭಾಗದ ಒಂದೂವರೆ ಕೋಣೆ. ಮಳೆ ಬಂದರೆ ಕಿಟಕಿಯಿಂದ ಸೋರುತ್ತಿತ್ತು. ಮಳೆ ಬರದಿದ್ದರೆ ಕರೆಂಟು ಹೋಗುತ್ತಿತ್ತು. ಮೇಣ ಕರಗಿಸುವ ಓವನ್ ಬಿಸಿಯಾಗುವುದೇ ಗಂಟೆಗಟ್ಟಲೆ, ಅಷ್ಟರಲ್ಲಿ ಕರೆಂಟು ಹೋಗಿ ಮೇಣ ಹೆಪ್ಪುಗಟ್ಟುತ್ತಿತ್ತು, ನಾನೂ ಹೆಪ್ಪುಗಟ್ಟುತ್ತಿದ್ದೆ. ಟೆಕ್ನಿಷಿಯನ್ ಶಿವಣ್ಣ ಮಾತ್ರ ಯಾವುದಕ್ಕೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕೈ ಒಳ್ಳೆಯದು, ಬಾಯಿ ಕೆಟ್ಟದ್ದು. ಲ್ಯಾಬಿನೊಳಗೆ ನಡೆದದ್ದು ಎದುರಿನ ಟೀ ಅಂಗಡಿಗೆ ನನಗಿಂತ ಮೊದಲು ಗೊತ್ತಾಗುತ್ತಿತ್ತು.

ಜೂನ್ ಕೊನೆಯಲ್ಲಿ ರಂಗಯ್ಯನವರನ್ನು ಕರೆತಂದರು. ಗುಬ್ಬಿ ತಾಲ್ಲೂಕಿನ ನಿಟ್ಟೂರಿನ ಹತ್ತಿರದವರು, ಅರವತ್ತೈದರ ಆಸುಪಾಸು, ತೆಂಗಿನ ತೋಟ, ಸ್ವಲ್ಪ ರಾಗಿ ಹೊಲ. ಆರು ತಿಂಗಳಿಂದ ಬೆನ್ನು ನೋವು. ಎಣ್ಣೆ ತಿಕ್ಕಿಸಿ, ಪಟ್ಟು ಹಾಕಿಸಿ, ದೃಷ್ಟಿ ತೆಗೆಸಿ ಎಲ್ಲ ಮುಗಿದ ಮೇಲೆ ನಮ್ಮಲ್ಲಿಗೆ ಬಂದಿದ್ದರು. ಎಕ್ಸ್‌ರೇಯಲ್ಲಿ ಬೆನ್ನುಮೂಳೆ, ಸೊಂಟದ ಮೂಳೆ ಎರಡರಲ್ಲೂ ಬಿಳಿ ಬಿಳಿ ಮಚ್ಚೆ. ನಮ್ಮ ಸರ್ಜನ್ನರು ನೋಡಿದ ಕೂಡಲೇ, "ಪ್ರಾಸ್ಟೇಟ್ ಅನ್ಸುತ್ತೆ" ಅಂದರು. ಗಂಡಸರಿಗೆ ಮೂತ್ರದ ಚೀಲದ ಕೆಳಗಿರುವ ಸಣ್ಣ ಗ್ರಂಥಿ ಅದು. ಅಲ್ಲಿ ಹುಟ್ಟಿದ ಕ್ಯಾನ್ಸರ್ ಮೂಳೆಗೆ ಹೋಗಿ ಕೂರುವುದು ಹೆಚ್ಚು. ಖಾತ್ರಿ ಮಾಡಿಕೊಳ್ಳಲು ಹಿಂಬದಿಯಿಂದ ಬೆರಳು ಹಾಕಿ ಪರೀಕ್ಷೆ ಮಾಡಬೇಕು. ಆ ಮಾತು ಕೇಳಿದ್ದೇ ರಂಗಯ್ಯ ಪಂಚೆ ಬಿಗಿಹಿಡಿದು ಎದ್ದು ಕೂತರು. "ಬೆನ್ನು ನೋವು ಅಂದ್ರೆ ಎಲ್ಲಿಗೋ ಕೈ ಹಾಕ್ತೀರಲ್ಲ ಸ್ವಾಮಿ, ಆಗಲ್ಲ." ಮಗ ನಾಗರಾಜು ಪ್ರೈಮರಿ ಸ್ಕೂಲಿನ ಮೇಷ್ಟ್ರು. ಓದಿದವನು, ಎರಡು ಮಾತು ಹೇಳುತ್ತಾನೆ ಅಂತ ನೋಡಿದರೆ ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದ.

ಕೊನೆಗೆ ಸೊಂಟದ ಮೂಳೆಯಿಂದ ಒಂದು ಚೂರು ತೆಗೆಯಲು ಒಪ್ಪಿದರು. ಸೊಂಟ ಮರ್ಯಾದೆಯ ಜಾಗ, ಅಲ್ಲಿಗೆ ಸೂಜಿ ಹಾಕಬಹುದು. ಆ ಚೂರನ್ನು ಆಸಿಡ್ಡಿನಲ್ಲಿ ಮೆತ್ತಗೆ ಮಾಡಿ, ನಾವು ಬ್ಲಾಕ್ ಅನ್ನುವ ಮೇಣದ ಬಿಲ್ಲೆ ಮಾಡಿ, ಕೊಯ್ದು, ಬಣ್ಣ ಹಾಕಿ ನಾನು ನೋಡಿದೆ. ಕ್ಯಾನ್ಸರ್ ಅನ್ನುವುದರಲ್ಲಿ ಅನುಮಾನವೇ ಇರಲಿಲ್ಲ. ಆದರೆ ಎಲ್ಲಿಂದ ಬಂದದ್ದು? ಹೊಟ್ಟೆಯದ್ದೂ ಹಾಗೇ ಕಾಣಬಹುದು, ಶ್ವಾಸಕೋಶದ್ದೂ ಹಾಗೇ ಕಾಣಬಹುದು. ರಕ್ತ ಪರೀಕ್ಷೆಯೊಂದಿತ್ತು. ಅದರ ಸ್ಯಾಂಪಲ್ಲನ್ನು ಐಸಿನಲ್ಲಿಟ್ಟು ಬೆಂಗಳೂರಿಗೆ ಕಳಿಸಿದರೆ ಐಸು ದಾರಿಯಲ್ಲೇ ಕರಗಿ, ಉತ್ತರ ಅತ್ತಲೂ ಇಲ್ಲ ಇತ್ತಲೂ ಇಲ್ಲ ಅನ್ನುವಂತೆ ಬಂತು.

ಸರ್ಜನ್ನರ ಕಷ್ಟ ನನಗೆ ಅರ್ಥವಾಗುತ್ತಿತ್ತು. "ಪ್ರಾಸ್ಟೇಟಿಂದ ಬಂದಿದ್ದಾದ್ರೆ ವೃಷಣ ತೆಗೆದುಬಿಟ್ರೆ ಸಾಕು. ಗಂಡಸಿನ ಹಾರ್ಮೋನ್ ನಿಲ್ಲುತ್ತೆ, ಗಂಟು ಬಾಡುತ್ತೆ, ಮನುಷ್ಯ ಎದ್ದು ಓಡಾಡ್ತಾನೆ. ಬೇರೆ ಕಡೆಯಿಂದ ಬಂದಿದ್ದಾದ್ರೆ ಸುಮ್ನೆ ಅವನ ಅಂಗ ಕಳೆದ ಪಾಪ ನಂಗೆ. ಹಾರ್ಮೋನ್ ತಡೆಯೋ ಮಾತ್ರೆ ಕೊಡೋಣ ಅಂದ್ರೆ ಅವನ ಹಾರ್ಟು ತಡ್ಯಲ್ಲ. ನಂಗೆ ಖಾತ್ರಿ ಬೇಕು" ಅಂದರು. ತಡವಾದರೆ ಏನಾಗುತ್ತದೆ ಅನ್ನುವುದನ್ನೂ ಹೇಳಿದರು. ಬೆನ್ನುಮೂಳೆಯ ಗಂಟು ನರವನ್ನು ಅದುಮಿದರೆ ಎರಡು ಕಾಲೂ ಹೋಗುತ್ತವೆ, ಹೋದ ಕಾಲು ಬರುವುದಿಲ್ಲ. ಆಗಲೇ ರಂಗಯ್ಯನವರ ಬಲಗಾಲು ಚಪ್ಪಲಿ ಎಳೆಯಲು ಶುರು ಮಾಡಿತ್ತು.

ಖಾತ್ರಿ ಮಾಡುವ ದಾರಿ ಒಂದಿತ್ತು, ಆಗಷ್ಟೇ ಬೆಂಗಳೂರಿಗೆ ಬಂದಿತ್ತು. ನನಗೆ ಪಾಠ ಹೇಳಿದ್ದ ಪ್ರೊಫೆಸರರು ವಿದೇಶದಿಂದ ಒಂದು ಸಣ್ಣ ಸೀಸೆ ತರಿಸಿಕೊಂಡಿದ್ದರು. ಪ್ರಾಸ್ಟೇಟ್ ಗ್ರಂಥಿ ಮಾತ್ರ ತಯಾರಿಸುವಂಥ ಒಂದು ಪ್ರೋಟೀನು ಇದೆ. ಆ ಗ್ರಂಥಿಯ ಕೋಶ ಮೂಳೆಗೆ ಹೋಗಲಿ, ಎಲ್ಲಿಗೇ ಹೋಗಲಿ, ಆ ಪ್ರೋಟೀನನ್ನು ಮಾಡುತ್ತಲೇ ಇರುತ್ತದೆ. ಸೀಸೆಯಲ್ಲಿದ್ದ ಸೀರಮ್ಮು ಆ ಪ್ರೋಟೀನನ್ನು ಹುಡುಕಿ ಅಂಟಿಕೊಳ್ಳುತ್ತದೆ, ಮೇಲೆ ಇನ್ನೊಂದೆರಡು ದ್ರಾವಣ ಹಾಕಿದರೆ ಅಂಟಿಕೊಂಡ ಜಾಗ ಕಂದು ಬಣ್ಣಕ್ಕೆ ತಿರುಗುತ್ತದೆ. ಕಂದು ಬಂದರೆ ಪ್ರಾಸ್ಟೇಟಿನದ್ದು ಅಂತ ಅರ್ಥ, ಸರ್ಜನ್ನರು ಚಾಕು ಹಿಡಿಯಬಹುದು. ಪ್ರೊಫೆಸರರು ಫೋನಿನಲ್ಲಿ "ಬ್ಲಾಕ್ ತಗೊಂಡು ಬಾ, ನೋಡೋಣ" ಅಂದುಬಿಟ್ಟರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಆ ಸೀರಮ್ಮನ್ನು ತಯಾರಿಸುವುದು ಮೊಲದಿಂದ. ಪ್ರೋಟೀನನ್ನು ಮೊಲಕ್ಕೆ ಚುಚ್ಚಿ, ಸ್ವಲ್ಪ ದಿನ ಬಿಟ್ಟು ಅದರ ರಕ್ತ ತೆಗೆದು, ಮೇಲಿನ ತಿಳಿಯನ್ನು ಬಳಸುತ್ತಾರೆ. ಇದನ್ನು ನಾನು ಶಿವಣ್ಣನಿಗೆ ಹೇಳಿದೆ. ಶಿವಣ್ಣ ಟೀ ಅಂಗಡಿಯಲ್ಲಿ ನಾಗರಾಜುವಿಗೆ ಹೇಳಿದ. ಮಾರನೇ ದಿನ ಬಾಗಿಲು ತೆಗೆಯುವಷ್ಟರಲ್ಲಿ ನಾಗರಾಜು ನಿಂತಿದ್ದ.

"ಮೇಡಂ, ನಮ್ಮಪ್ಪನ ಮೂಳೆ ವಾಪಸ್ ಕೊಟ್ಬಿಡಿ."

"ಯಾಕೆ?"

"ಅದ್ರ ಮೇಲೆ ಮೊಲದ ರಕ್ತ ಹುಯ್ತಾರಂತಲ್ಲ. ನಮಗಾಗಲ್ಲ ಮೇಡಂ. ನಮ್ದು ಮೊಲದ ಬೆಡಗು."

ಅವರ ಕುಲದಲ್ಲಿ ಒಂದೊಂದು ವಂಶಕ್ಕೆ ಒಂದೊಂದು ಬೆಡಗು. ಒಬ್ಬರಿಗೆ ಅತ್ತಿಮರ, ಒಬ್ಬರಿಗೆ ಆನೆ, ಒಬ್ಬರಿಗೆ ಅರಿಶಿನ. ತಮ್ಮ ಬೆಡಗಿನದ್ದನ್ನು ಅವರು ಕಡಿಯುವುದಿಲ್ಲ, ತಿನ್ನುವುದಿಲ್ಲ, ನೋಯಿಸುವುದಿಲ್ಲ. ಇವರಿಗೆ ಮೊಲ. ಹಿಂದೆ ಯಾವುದೋ ಕಾಲದಲ್ಲಿ ಇವರ ಮೂಲಪುರುಷನನ್ನು ಒಂದು ಮೊಲ ಕಾಪಾಡಿತ್ತಂತೆ. ಇರಲಿ, ಒಳ್ಳೆಯ ಮೊಲ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಮೊಲಕ್ಕೂ ನಿಟ್ಟೂರಿನ ಬೆಡಗಿಗೂ ಏನಪ್ಪ ಸಂಬಂಧ ಅಂದೆ. "ಮೊಲ ಮೊಲಾನೇ ಅಲ್ವಾ ಮೇಡಂ" ಅಂದ. ರಕ್ತ ಅಲ್ಲಪ್ಪ, ಅದರ ತಿಳಿ, ಅದೂ ಒಂದು ಹನಿ ಅಂದೆ. "ಹನಿಯಾದ್ರೂ ಮೊಲದ್ದೇ ಅಲ್ವಾ." ನಿಮ್ಮಪ್ಪನ ಮೈಗಲ್ಲ, ಗಾಜಿನ ಮೇಲಿರೋ ಚೂರಿಗೆ ಅಂದೆ. "ಚೂರು ಅಪ್ಪಂದೇ ಅಲ್ವಾ." ಮಕ್ಕಳಿಗೆ ಲೆಕ್ಕ ಹೇಳಿಕೊಡುವವನು ನನಗೆ ತರ್ಕ ಹೇಳಿಕೊಡುತ್ತಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ಗಾದೆ ಕೇಳಿದ್ದೆ. ಆ ದಿನ ನಿಜವಾದ ಮೊಲವನ್ನೇ ಇಟ್ಟುಕೊಂಡು ವಾದ ಮಾಡುವವನನ್ನು ಕಣ್ಣಾರೆ ಕಂಡೆ.

ಯಾರಿಗೂ ಹೇಳದೆ ಬ್ಲಾಕನ್ನು ಬೆಂಗಳೂರಿಗೆ ಒಯ್ದುಬಿಡುತ್ತೇನೆ ಅಂದರೆ ಸರ್ಜನ್ನರು ಬೇಡವೆಂದರು. "ನಾಳೆ ಆಪ್ರೇಷನ್‌ಗೆ ಅವ್ರು ಒಪ್ಪಬೇಕಲ್ಲಮ್ಮ. ಈಗ ಕದ್ದು ಮಾಡಿದ್ರೆ ಆಗ ಬಾಗಿಲಿಗೇ ಬರಲ್ಲ." ಅದೂ ಸರಿಯೇ. ಮೇಣದ ಬಿಲ್ಲೆ ಕಪಾಟಿನಲ್ಲಿ ಕೂತಿತು.

ನಾಗರಾಜು ಬೆಳ್ಳಾವಿಯಲ್ಲಿರುವ ಕುಲದ ಯಜಮಾನರನ್ನು ಕೇಳಿ ಹೇಳುತ್ತೇನೆಂದ. ಯಜಮಾನರು ಆಷಾಢ ಕಳೆಯಲಿ ಅಂದರಂತೆ. ಆಷಾಢ ಕಳೆಯಿತು. ಶ್ರಾವಣದಲ್ಲಿ ಹಬ್ಬದ ಮೇಲೆ ಹಬ್ಬ, ಯಜಮಾನರಿಗೆ ಪುರುಸೊತ್ತಿಲ್ಲ. ಪುರುಸೊತ್ತಾದಾಗ ದೇವರ ಮುಂದೆ ಹೂ ಇಟ್ಟು ಕೇಳಿದರು. ಬಲಗಡೆ ಹೂ ಬಿದ್ದರೆ ಆಗಬಹುದು, ಎಡಗಡೆ ಬಿದ್ದರೆ ಬೇಡ. ಹೂ ಬೀಳಲೇ ಇಲ್ಲ. ದೇವರೂ ಇವರ ಜೊತೆ ಸೇರಿಕೊಂಡು ತೀರ್ಮಾನ ಮುಂದಕ್ಕೆ ಹಾಕಿತು. ಅಷ್ಟರಲ್ಲಿ ಶಿವಣ್ಣ ತನ್ನ ಪಾಲಿನ ಸಲಹೆಯಾಗಿ, ಮೊಲದ ಬದಲು ಮೇಕೆಯದ್ದು ಸಿಗಲ್ವಾ ಅಂದ. ನಾನು ಪ್ರೊಫೆಸರರಿಗೆ ಫೋನ್ ಮಾಡಿ, ಮೇಕೆ ಸೀರಮ್ಮು ಇದೆಯಾ ಸಾರ್ ಅಂತ ಕೇಳಿಯೂ ಕೇಳಿದೆ. ಅವರು, "ನೀನು ಸರಿಯಾಗಿ ಊಟ ಮಾಡ್ತಾ ಇದೀಯಾ?" ಅಂದರು. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ಆ ಮನುಷ್ಯನ ಕಾಲು ದಿನದಿನಕ್ಕೂ ಸೋಲುತ್ತಿತ್ತು. ಬಸ್ಸಿನಲ್ಲಿ ಕುಣಿಗಲ್ಲಿಗೆ ವಾಪಸಾಗುವಾಗ ನನಗೆ ನಾನೇ ಜಗಳವಾಡಿಕೊಂಡು, ಪಕ್ಕದಲ್ಲಿ ಕೂತವರು ಸರಿದು ಕೂರುವಂತಾಗಿತ್ತು. ಅಮ್ಮನಂತೂ, "ಇನ್ನೊಂದ್ಸಲ ಊಟಕ್ಕೆ ಕೂತಾಗ ಮೊಲ ಅಂದ್ರೆ ಎದ್ದು ಹೋಗ್ತೀನಿ ನೋಡು" ಅಂತ ಎಚ್ಚರಿಸಿದ್ದರು.

ಆಗಸ್ಟ್ ಕೊನೆಯಲ್ಲಿ ನನ್ನ ತಾಳ್ಮೆ ಮುಗಿಯಿತು. ಒಂದು ಭಾನುವಾರ ಪ್ಯಾಸೆಂಜರ್ ರೈಲು ಹತ್ತಿ ನಿಟ್ಟೂರಿನಲ್ಲಿ ಇಳಿದೆ. ತುಂತುರು ಮಳೆ. ಬದುಗಳ ಮೇಲೆ ಜಾರಿಕೊಂಡು, ಸೀರೆಯ ನೆರಿಗೆಗೆಲ್ಲ ಕೆಸರು ಮೆತ್ತಿಸಿಕೊಂಡು ಅವರ ಮನೆ ಹುಡುಕಿದೆ. ರಂಗಯ್ಯ ಜಗಲಿಯ ನವಾರು ಮಂಚದ ಮೇಲೆ ಮಲಗಿದ್ದರು. ಅವರ ಕಾಲ ಬುಡದಲ್ಲಿ ಕೂತು ಒಬ್ಬ ಹೆಂಗಸು ಕುಡುಗೋಲಿನಿಂದ ತೆಂಗಿನ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತಿದ್ದರು. ಅವರ ಹೆಂಡತಿ ಲಕ್ಕಮ್ಮ. ಆಸ್ಪತ್ರೆಗೆ ಒಮ್ಮೆಯೂ ಆಕೆಯನ್ನು ಕರೆತಂದಿರಲಿಲ್ಲ.

"ಯಾರವ್ವ ನೀನು?"

ಹೇಳಿದೆ. ಅವರ ಕೈ ನಿಂತಿತು. "ಬೆನ್ನು ಉಳುಕಿದ್ಕೆ ಡಾಕ್ಟ್ರಮ್ಮ ಮನೆಗಂಟ ಬಂದವ್ರಲ್ಲ, ಏನ್ ಸಮಾಚಾರ?"

ನಾಗರಾಜು ಒಳಗಿಂದ ಓಡಿ ಬಂದು ನನಗೆ ಕಣ್ಸನ್ನೆ ಮಾಡಿದ. ಆಗ ತಿಳಿಯಿತು, ಈ ಮನೆಯಲ್ಲಿ ಯಾರಿಗೂ ಏನೂ ಹೇಳಿಲ್ಲ. ಅಮ್ಮನಿಗೆ ಉಳುಕು, ಅಪ್ಪನಿಗೆ ವಾಯು, ಬೆಳ್ಳಾವಿಯ ಯಜಮಾನರಿಗೆ ಮಾತ್ರ ಕ್ಯಾನ್ಸರ್ರು. ನನ್ನ ಮೈ ಉರಿದು ಹೋಯಿತು. ಕೆಸರು ಕಾಲಿನಲ್ಲೇ ಜಗಲಿಯ ಮೇಲೆ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಇದು ಉಳುಕಲ್ಲ, ಕ್ಯಾನ್ಸರ್. ಎಲ್ಲಿಂದ ಬಂತು ಅಂತ ಗೊತ್ತಾದರೆ ಒಂದು ಆಪರೇಷನ್ ಇದೆ. ಬೀಜ ತೆಗೆಯುತ್ತಾರೆ. ತೆಗೆದರೆ ನೋವು ಹೋಗುತ್ತೆ, ಕಾಲು ಉಳಿಯುತ್ತೆ. ಅದನ್ನು ತಿಳಿಯೋ ಪರೀಕ್ಷೆಗೆ ನಿಮ್ಮ ಮೊಲ ಅಡ್ಡ ಬಂದಿದೆ.

ನಾಗರಾಜು ತಲೆ ಬಗ್ಗಿಸಿದ. ರಂಗಯ್ಯ ಗೋಡೆ ಕಡೆ ತಿರುಗಿಕೊಂಡರು. ಲಕ್ಕಮ್ಮ ಕುಡುಗೋಲನ್ನು ಪಕ್ಕಕ್ಕಿಟ್ಟು ಗಂಡನನ್ನೇ ಸ್ವಲ್ಪ ಹೊತ್ತು ನೋಡಿದರು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಮೊಲ ಅಂತೆ ಮೊಲ! ಮೊಲ ಅಲ್ಲ ಕಣವ್ವ, ಅವ್ರಿಗೆ ನಾಚ್ಕೆ. ಬೀಜ ತೆಗೀತಾರೆ ಅಂತ ಆಸ್ಪತ್ರೇಲಿ ಅವತ್ತೇ ಯಾರೋ ಕಿವಿಗೆ ಹಾಕಿರ್ಬೇಕು. ಆವತ್ತಿಂದ ಕವುಚ್ಕೊಂಡು ಮಲಗವ್ರೆ. ನಾನು ಉಳುಕು ಅಂದ್ಕೊಂಡು ಎಣ್ಣೆ ತಿಕ್ತಾ ಇದೀನಿ."

"ಸುಮ್ಕಿರೇ" ಅಂದರು ರಂಗಯ್ಯ ಗೋಡೆಗೆ.

"ಯಾಕೆ ಸುಮ್ಕಿರ್ಬೇಕು? ಮಕ್ಳಾಗವೆ, ಮೊಮ್ಮಕ್ಳಾಗವೆ, ಇನ್ನೇನಕ್ಕೆ ಬೇಕು ಅದು, ಕಾಯಿ ಜೊತೆ ಅಟ್ಟಕ್ಕೆ ಹಾಕಿ ಕೊಬ್ರಿ ಮಾಡ್ತೀರಾ? ಎತ್ತಿಗೆ ಬೀಜ ಒಡ್ಸಲ್ವಾ? ಒಡ್ಸಿದ್ ಮೇಲೆ ಅದು ನಡ್ಯಲ್ವಾ, ಉಳಲ್ವಾ? ಬೀಜ ಇಟ್ಕೊಂಡು ತೆವಳ್ತೀರೋ, ಬುಟ್ಟು ನಡೀತೀರೋ, ಹೇಳಿ ಈಗ."

ಇಷ್ಟು ವರ್ಷ ಎಷ್ಟೋ ಕಾನ್ಫರೆನ್ಸುಗಳಲ್ಲಿ ಈ ಚಿಕಿತ್ಸೆಯ ಬಗ್ಗೆ ಭಾಷಣ ಕೇಳಿದ್ದೇನೆ. ಇಷ್ಟು ಚೆನ್ನಾಗಿ ಯಾರೂ ಹೇಳಿದ್ದಿಲ್ಲ. ನನಗೆ ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡೆ. ಮಂಚದ ಮೇಲಿನ ಬೆನ್ನು ಅಲುಗಿತು. ರಂಗಯ್ಯನವರೂ ನಗುತ್ತಿದ್ದರು, ಅಥವಾ ಅಳುತ್ತಿದ್ದರು. ನಿಧಾನವಾಗಿ ಇತ್ತ ತಿರುಗಿದರು.

"ಊರಲ್ಲಿ ಬೆನ್ನಿನ ಆಪ್ರೇಷನ್ ಅಂತ್ಲೇ ಹೇಳ್ಬೇಕು" ಅಂದರು.

"ಆಯ್ತು."

"ಇನ್ನೊಂದು ಮಾತು ಡಾಕ್ಟ್ರಮ್ಮ. ಇನ್ಮೇಲೆ ಏನಿದ್ರೂ ನಂಗೇ ಹೇಳ್ಬೇಕು. ಇವ್ನಿಗಲ್ಲ. ನನ್ನ ಮೈಯಿಂದು ನಾನೇ ಕೊನೇಲಿ ತಿಳ್ಕೊಳೋ ಹಂಗಾಗ್ಬಾರ್ದು. ಮಾತು ಕೊಡಿ."

ಕೊಟ್ಟೆ. ಆಗ ಅದು ಅಷ್ಟು ಕಷ್ಟದ ಮಾತು ಅನ್ನಿಸಲಿಲ್ಲ.

ಮಾರನೇ ದಿನವೇ ಬ್ಲಾಕನ್ನು ಸೋಪಿನ ಡಬ್ಬಿಯಲ್ಲಿಟ್ಟುಕೊಂಡು ಬೆಂಗಳೂರಿಗೆ ಹೋದೆ. ಪ್ರೊಫೆಸರರು ಮೊದಲು ಮೇಕೆಯ ಕ್ಷೇಮಸಮಾಚಾರ ವಿಚಾರಿಸಿಕೊಂಡು, ಆಮೇಲೆ ಸೀಸೆ ತೆಗೆದರು. ಸಂಜೆಯ ಹೊತ್ತಿಗೆ ಸ್ಲೈಡು ತಯಾರಾಯಿತು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ, ಮಾಸಲು ನೀಲಿಯ ಮೂಳೆಯ ನಡುವೆ ಕಾಫಿಪುಡಿ ಚೆಲ್ಲಿದಂತೆ ಕಂದು. ಎಲ್ಲಿ ನೋಡಿದರೂ ಕಂದು. ಅಷ್ಟು ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ ಅಂತ ಮುಂದೆ ಮದುವೆಯಾದ ಮೇಲೆ ಗಂಡನಿಗೆ ಹೇಳಿ ಬೈಸಿಕೊಂಡಿದ್ದೇನೆ.

ಆ ವಾರವೇ ಆಪರೇಷನ್ ಆಯಿತು. ಅರ್ಧ ಗಂಟೆಯ ಕೆಲಸ. ಅದಕ್ಕೆ ಎರಡು ತಿಂಗಳು ಹಾಳು. ಕೆಲವೇ ದಿನಗಳಲ್ಲಿ ನೋವು ಇಳಿಯಿತು, ಮಾತ್ರೆಯಿಲ್ಲದೆ ನಿದ್ದೆ ಬಂತು. ದೀಪಾವಳಿಗೆ ಕೋಲು ಹಿಡಿದು ತೋಟಕ್ಕೆ ಹೋಗಿ ಬರುತ್ತಿದ್ದಾರೆ ಅಂತ ನಾಗರಾಜು ಬಂದು ಹೇಳಿದ. ಸುಮ್ಮನೆ ಅಷ್ಟು ಹೇಳಿ ಹೋಗಬಾರದೇ? ಎಲ್ಲ ಬೆಡಗಿನ ಮೊಲದ ದಯೆ ಅಂತ ಬೆಳ್ಳಾವಿ ಯಜಮಾನರು ಹೇಳಿದರಂತೆ. ಮೊಲ ತನ್ನ ಮಕ್ಕಳನ್ನು ಕಾಯಲು ಸಮುದ್ರ ದಾಟಿ ಸೀಸೆಯಲ್ಲಿ ಬಂತಂತೆ. ಪೂಜೆಯನ್ನೂ ಮಾಡಿಸಿದರಂತೆ. ನನಗೆ ಪ್ರಸಾದ ಬಂತು. ಎರಡು ತಿಂಗಳು ಅಡ್ಡ ಮಲಗಿದ್ದ ಮೊಲ ಈಗ ಮೆರವಣಿಗೆಯಲ್ಲಿ ಮುಂದೆ. ಮೈ ಪರಚಿಕೊಳ್ಳುವಂತಾಯಿತು. ಪ್ರಸಾದ ತಿಂದೆ.

ಆ ಚಳಿಗಾಲ ಚೆನ್ನಾಗಿತ್ತು. ತುಮಕೂರಿಗೆ ಬಂದಾಗಲೆಲ್ಲ ರಂಗಯ್ಯ ಲ್ಯಾಬಿಗೆ ಬಂದು ಸ್ಟೂಲಿನ ಮೇಲೆ ಕೂತು ಹೋಗುತ್ತಿದ್ದರು. ಒಂದು ದಿನ ಅವರ ಸ್ಲೈಡನ್ನು ತೋರಿಸಿದೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿ, "ಇಷ್ಟು ಸಣ್ಣದು ಇಷ್ಟು ಆಟ ಆಡುಸ್ತಲ್ಲ" ಅಂದರು. ನಾಗರಾಜುವಿಗೂ ಶಿವಣ್ಣ ತೋರಿಸಿದ. "ಕಂದು ಐತಲ್ಲ ಮೇಷ್ಟ್ರೇ, ಅದೇ ಕಾಯ್ಲೆ" ಅಂತ ಅವನದೇ ಧಾಟಿಯಲ್ಲಿ ವಿವರಿಸಿದ. ಅದು ಅಷ್ಟು ಸರಳವಲ್ಲ ಅಂತ ನಾನು ಹೇಳಲು ಹೋದೆ, ಅಷ್ಟರಲ್ಲಿ ಕರೆಂಟು ಹೋಯಿತು.

ಯುಗಾದಿಯಾದ ಮೇಲೆ ನೋವು ಮತ್ತೆ ಶುರುವಾಯಿತು. ಜೂನ್ ಹೊತ್ತಿಗೆ ಕತ್ತಿನ ಎಡಗಡೆ, ಕೊರಳ ಎಲುಬಿನ ಮೇಲೆ ಒಂದು ಗಂಟು ಕಾಣಿಸಿಕೊಂಡಿತು. ಅದರ ಚೂರು ತೆಗೆಯಲು ಯಾರೂ ತಕರಾರು ಮಾಡಲಿಲ್ಲ. ಮೊಲವಂತೂ ಈಗ ಮನೆದೇವರು. ಹೋದ ವರ್ಷ ಬೇಡಿದರೂ ಸಿಗದ ಒಪ್ಪಿಗೆ ಈಗ ಕೇಳದೆಯೇ ಸಿಕ್ಕಿತು. ಅಮ್ಮನಿಗೆ ಜ್ವರ ಬಂದು ನಾನು ಕುಣಿಗಲ್ಲು ಬಿಡುವಂತಿರಲಿಲ್ಲ. "ನಾನೇ ತಗೊಂಡು ಹೋಗ್ತೀನಿ ಮೇಡಂ" ಅಂತ ನಾಗರಾಜು ಬ್ಲಾಕು ಹಿಡಿದು ಬೆಂಗಳೂರಿಗೆ ಹೋದ.

ನಾನು ಕೆಲಸಕ್ಕೆ ವಾಪಸಾದ ದಿನ ಬೆಳಿಗ್ಗೆಯಿಂದ ಮಳೆ ಹಿಡಿದುಕೊಂಡಿತ್ತು. ಮೇಜಿನ ಮೇಲೆ ಸ್ಲೈಡಿನ ಪೆಟ್ಟಿಗೆ ಇತ್ತು. ನಾಗರಾಜು ಹಿಂದಿನ ಸಂಜೆ ಕೊಟ್ಟು ಹೋಗಿದ್ದನಂತೆ. ಕೂತು ನೋಡಿದೆ. ದೊಡ್ಡ ದೊಡ್ಡ, ಅಂಕೆ ತಪ್ಪಿದ ಕೋಶಗಳು. ಬರೀ ನೀಲಿ. ಕಂದು ಎಲ್ಲೂ ಇಲ್ಲ. ಸೀರಮ್ಮು ಕೆಟ್ಟಿರಬಹುದೇ ಅಂತ, ಹೋಲಿಕೆಗೆಂದು ಪ್ರೊಫೆಸರರು ಜೊತೆಗೆ ಕಳಿಸಿದ್ದ ಇನ್ನೊಬ್ಬ ರೋಗಿಯ ಸ್ಲೈಡನ್ನು ನೋಡಿದೆ. ಅದು ಚೆನ್ನಾಗಿ ಕಂದಾಗಿತ್ತು. ಸೀರಮ್ಮು ಸರಿಯಿತ್ತು.

ಅರ್ಥ ಸ್ಪಷ್ಟವಾಗಿತ್ತು. ಹೋದ ವರ್ಷದ ಕೋಶಗಳು ಹುಟ್ಟಿದ ಮನೆಯ ಕಸುಬನ್ನು ಇನ್ನೂ ಮಾಡುತ್ತಿದ್ದವು, ಅದಕ್ಕೇ ಹಾರ್ಮೋನ್ ನಿಂತಾಗ ಬಾಡಿದವು. ಇವು ಕಸುಬನ್ನೇ ಮರೆತಿವೆ. ಇವುಗಳಿಗೆ ಯಾರ ಹಂಗೂ ಇಲ್ಲ, ಯಾವ ಆಪರೇಷನ್ನೂ ಇವನ್ನು ಹಿಡಿಯುವುದಿಲ್ಲ. ಸರ್ಜನ್ನರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಮಧ್ಯಾಹ್ನ ಹೊರಗೆ ಗಲಾಟೆ ಕೇಳಿಸಿತು. ಬಾಗಿಲಿಗೆ ಬಂದರೆ ನಾಗರಾಜು, ತಲೆಯೆಲ್ಲ ಒದ್ದೆ, ಕೈಯಲ್ಲಿ ದಾರ ಕಟ್ಟಿದ ಸ್ವೀಟ್ ಬಾಕ್ಸು. ಹಿಂದೆ ಕೋಲೂರಿಕೊಂಡು ರಂಗಯ್ಯ, ಅವರ ತೋಳು ಹಿಡಿದು ಲಕ್ಕಮ್ಮ. ನಾಗರಾಜುವಿನ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಯಾವತ್ತೂ ನೋಡಿರಲಿಲ್ಲ.

"ಮೇಡಂ, ಬಣ್ಣ ಹಿಡೀಲೇ ಇಲ್ಲ! ಬೆಂಗ್ಳೂರಲ್ಲೇ ಹೇಳಿದ್ರು, ಒಂದ್ ಚೂರೂ ಕಂದು ಇಲ್ಲ ಅಂತ. ಕಾಯ್ಲೆ ಹೋಯ್ತು! ಊರಿಗೆಲ್ಲ ಹಂಚಿ ಬಂದ್ವಿ, ಇದು ನಿಮ್ಗೆ."

ಶಿವಣ್ಣ ನನ್ನ ಹಿಂದೆ ನಿಂತಿದ್ದ. ಅವನ ಕಡೆ ಒಂದು ಸಲ ನೋಡಿದೆ. ಕಂದೇ ಕಾಯಿಲೆ ಅಂತ ಮೇಷ್ಟ್ರಿಗೆ ಪಾಠ ಹೇಳಿದ್ದವನು ಈಗ ಕೈಯಲ್ಲಿದ್ದ ಸೀಸೆಯ ಲೇಬಲ್ ಓದುತ್ತಿದ್ದ. ಕೂಗಿ ಎಲ್ಲರನ್ನೂ ಬೈಯಬೇಕು ಅನ್ನಿಸಿತು. ಕೇಳಬೇಕಾದವರನ್ನು ಕೇಳದೆ, ತಿಳಿಯದ್ದನ್ನು ತಿಳಿದೆವು ಅಂದುಕೊಂಡು, ಊರೆಲ್ಲ ಸಿಹಿ ಹಂಚಿ! ಒಂದು ದಿನ ಕಾಯಲು ಇವರಿಗೇನು ರೋಗ? ಹೋದ ವರ್ಷ ಎರಡು ತಿಂಗಳು ಕಾದವರು! ಆದರೆ ರಂಗಯ್ಯ ಮಗನ ಕಡೆಯಾಗಲಿ ಬಾಕ್ಸಿನ ಕಡೆಯಾಗಲಿ ನೋಡುತ್ತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು.

"ಹೇಳಿ ಡಾಕ್ಟ್ರಮ್ಮ" ಅಂದರು. "ನಂಗೇ ಹೇಳ್ಬೇಕು ಅಂತ ಮಾತಾಗಿತ್ತು."

ಒಳಗೆ ಬನ್ನಿ ಅಂದೆ. "ಇಲ್ಲೇ ಆಗ್ಲಿ, ನಿಂತ್ರೆ ಕೂರಕ್ಕಾಗಲ್ಲ, ಕೂತ್ರೆ ಏಳಕ್ಕಾಗಲ್ಲ" ಅಂದರು. ಹೇಳಿದೆ. ಕಂದು ಬರದಿದ್ದರೆ ಕಾಯಿಲೆ ಹೋಯಿತು ಅಂತ ಅಲ್ಲ. ಹೋದ ಸಲ ಕಂದು ಬಂದದ್ದೇ ನಮ್ಮ ಅದೃಷ್ಟ, ಅದು ನಮ್ಮ ಮಾತು ಕೇಳುವಂಥದ್ದಾಗಿತ್ತು. ಈಗ ಅದು ಬೆಳೆದಿದೆ, ಹುಟ್ಟಿದ ಗ್ರಂಥಿಯ ಗುರುತನ್ನೇ ಕಳೆದುಕೊಂಡಿದೆ. ಇನ್ನು ನೋವಿಗೆ ಔಷಧಿ ಕೊಡಬಹುದು. ಅದನ್ನು ನಿಲ್ಲಿಸುವ ಔಷಧಿ ನಮ್ಮ ಹತ್ತಿರ ಇಲ್ಲ. ಎಷ್ಟು ದಿನ ಅಂತ ನಂಗೆ ಗೊತ್ತಿಲ್ಲ, ಬಹಳ ಅಲ್ಲ.

ನಾಗರಾಜು ಬಾಕ್ಸು ಹಿಡಿದೇ ನಿಂತಿದ್ದ. "ಊರಿಗೆಲ್ಲ ಹಂಚ್ಬಿಟ್ನಲ್ಲಪ್ಪ" ಅಂದ. ಆವರೆಗೆ ಅವನ ಮೇಲಿದ್ದ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯದು. ಬಹುಶಃ ಎಲ್ಲೂ ಹೋಗಲಿಲ್ಲ, ಹಿಡಿದುಕೊಳ್ಳಲು ಆಳು ಸಿಗದೆ ನನ್ನಲ್ಲೇ ಉಳಿಯಿತು.

"ಹಂಚಿದ್ರೆ ಹಂಚ್ದೆ ಬುಡ್ಲಾ" ಅಂದರು ರಂಗಯ್ಯ. "ತಿಂದವ್ರು ನನ್ ಹೆಸ್ರಲ್ಲಿ ತಿಂದವ್ರೆ. ಆಮೇಲಿನ ತಿಥಿ ಊಟಾನ ನಾನು ನೋಡಕ್ಕಿರ್ತೀನಾ." ನನ್ನ ಕಡೆ ತಿರುಗಿ ಕೈ ಮುಗಿದರು. ನನಗೆ ಅದನ್ನು ನೋಡಲಾಗದೆ ತಲೆ ತಗ್ಗಿಸಿದೆ.

ಲಕ್ಕಮ್ಮ ಮಗನ ಕೈಯಿಂದ ಬಾಕ್ಸು ತೆಗೆದುಕೊಂಡರು. ಹಲ್ಲಿನಿಂದ ದಾರ ಕಡಿದು ಮುಚ್ಚಳ ತೆಗೆದರು. "ಸಿಹಿ ತಂದ್ಮೇಲೆ ವಾಪಸ್ ಮನೆಗೆ ತಗೊಂಡ್ ಹೋಗಕ್ಕ್ ಆಗುತ್ತಾ" ಅಂದು ಮೊದಲು ಶಿವಣ್ಣನಿಗೆ, ಆಮೇಲೆ ಬಾಗಿಲಲ್ಲಿ ನಿಂತಿದ್ದ ನರ್ಸಿಗೆ, ರಕ್ತ ಕೊಡಲು ಸಾಲಿನಲ್ಲಿ ಕೂತಿದ್ದವರಿಗೆ ಒಂದೊಂದು ಲಾಡು ಕೊಟ್ಟರು. ಏನು ವಿಶೇಷ ಅಂತ ಒಬ್ಬರು ಕೇಳಿದರು. "ಏನಿಲ್ಲ, ತಗಳಿ" ಅಂದರು. ಗಂಡನ ಬಾಯಿಗೆ ಅರ್ಧ ಮುರಿದು ಹಾಕಿ, ಉಳಿದರ್ಧ ತಾವು ತಿಂದರು. ಕಣ್ಣಲ್ಲಿ ನೀರು ಇಳಿಯುತ್ತಲೇ ಇತ್ತು, ಒರೆಸಿಕೊಳ್ಳಲಿಲ್ಲ. ಕೊನೆಯದನ್ನು ನನ್ನ ಕೈಗಿಟ್ಟರು.

"ತಿನ್ನವ್ವ" ಅಂದರು. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು, ಮುಖ ನೋಡಿದ್ರೆ ಗೊತ್ತಾಗುತ್ತೆ."